ನಲವತ್ತೊಂದೂವರೆ ಅಡಿ ಕಲ್ಲು, ಇಪ್ಪತ್ತೈದು ಅಂತಸ್ತು

ಕಲ್ಮಲ ಕ್ರಾಸಿನಲ್ಲಿ ಸಂಜೆ ಹೊತ್ತು ನಿಂತವರ ಸಾಮಾನು ನೋಡಿದರೆ ಅವರು ಎಲ್ಲಿಗೆ ಹೊರಟವರೆಂದು ಕೇಳಬೇಕಾಗಿಲ್ಲ. ರಾಯಚೂರಿಗೆ ಹೋಗುವವರ ಕೈಯಲ್ಲಿ ಒಂದು ಚೀಲವಿರುತ್ತದೆ, ಅಷ್ಟೇ. ಬೆಂಗಳೂರಿಗೆ ಹೋಗುವವರ ಸುತ್ತ ಒಂದು ಮನೆಯೇ ಇರುತ್ತದೆ: ಜೋಳದ ಹಿಟ್ಟಿನ ಗಂಟು, ರೊಟ್ಟಿ ಸುಡುವ ಹಂಚು, ಎರಡು ಕೊಡ, ಸುತ್ತಿ ಕಟ್ಟಿದ ಕೌದಿ, ಖಾರದಪುಡಿಯ ಡಬ್ಬಿ, ಗಂಟಿನ ಮೇಲೆ ಕುಳಿತ ಮಗು. ದೇವದುರ್ಗದಿಂದ ಗಬ್ಬೂರು ದಾಟಿ ಬರುವ ರಸ್ತೆ, ಲಿಂಗಸುಗೂರಿನಿಂದ ಸಿರವಾರ ದಾಟಿ ಬರುವ ರಸ್ತೆ, ಎರಡೂ ಇಲ್ಲಿ ಕೂಡುತ್ತವೆ. ಗುಳೆ ಹೋಗುವವರ ಮುಖಗಳನ್ನು ಬಹಳ ನೋಡಿದ ಊರು ನಮ್ಮದು.

ಸಂಕ್ರಾಂತಿ ಮುಗಿದ ವಾರ ನಾನೂ ಅವರ ನಡುವೆ ನಿಂತಿದ್ದೆ. ಅಕ್ಕನ ಮಗ ಬೆಂಗಳೂರಿನಲ್ಲಿ ಒಂದು ಕಚೇರಿ ಸೇರಿ ಎರಡು ವರ್ಷವಾಗಿತ್ತು. 'ಮಾಮಾ, ಒಮ್ಮೆ ಬಂದು ಹೋಗು' ಎಂದು ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದ. ಅವನನ್ನು ನೋಡುವುದು ಒಂದು ನೆಪ. ಚಿಕ್ಕಂದಿನಿಂದ ಮನಸ್ಸಿನಲ್ಲಿ ನಿಂತಿದ್ದ ಒಂದು ಕಟ್ಟಡವನ್ನು ಕಣ್ಣಾರೆ ನೋಡಬೇಕೆಂಬುದು ಇನ್ನೊಂದು.

ನಾನು ಸಣ್ಣವನಿದ್ದಾಗ ನಮ್ಮ ಕಡೆಯ ಹಿರಿಯರಿಗೆ ಶಹರ ಎಂದರೆ ಹೈದರಾಬಾದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಜಿಲ್ಲೆ ಇದು. 1956ರಲ್ಲಿ ಕನ್ನಡ ನಾಡಿಗೆ ಸೇರಿದ ಮೇಲೂ ಆಸ್ಪತ್ರೆಗೆ, ಮದುವೆ ಜವಳಿಗೆ, ದುಡಿಯುವುದಕ್ಕೆ ಜನ ಆ ಕಡೆಗೇ ಮುಖ ಮಾಡುತ್ತಿದ್ದರು. ಬೆಂಗಳೂರು ಬಹಳ ದೂರದ್ದು. ಅಂಥ ಕಾಲದಲ್ಲಿ ನಮ್ಮ ಓಣಿಯ ಕಾಕಾ ಒಬ್ಬರು ಬೆಂಗಳೂರಿಗೆ ಹೋಗಿ ಬಂದು, ಕಟ್ಟೆಯ ಮೇಲೆ ಕುಳಿತು ಹೇಳಿದ ಮಾತು ಇನ್ನೂ ನೆನಪಿದೆ: 'ಇಪ್ಪತ್ತೈದು ಅಂತಸ್ತಿನ ಮನಿ ನೋಡಿ ಬಂದೀನಿ. ಕುತ್ತಿಗಿ ನೊಂದು ಹೋತು.' ನಮಗೆ ಗೊತ್ತಿದ್ದದ್ದು ಮಣ್ಣಿನ ಮಾಳಿಗೆ. ಒಂದರ ಮೇಲೊಂದು ಇಪ್ಪತ್ತೈದು ಮಾಳಿಗೆ ಎಂದರೆ ಮೇಲಿನ ಮನೆಯ ಬಚ್ಚಲ ನೀರು ಎಲ್ಲಿ ಹೋಗುತ್ತದೆ, ಮಳೆಗಾಲಕ್ಕೆ ಮೇಲುಮುದ್ದೆ ಹಾಕುವವರು ಯಾರು ಎಂದು ನನ್ನ ಅವ್ವ ಕೇಳಿದ್ದಳು. ಕಾಕಾನಿಗೆ ಉತ್ತರ ಗೊತ್ತಿರಲಿಲ್ಲ. ಆ ಮನೆಯ ಹೆಸರು ಯುಟಿಲಿಟಿ ಬಿಲ್ಡಿಂಗು ಎಂಬುದಷ್ಟೇ ಗೊತ್ತಿತ್ತು.

ರೈಲು ರಾತ್ರಿಯದು. ಕತ್ತಲಾಗುವುದಕ್ಕೆ ಇನ್ನೂ ಹೊತ್ತಿತ್ತು. ರಾಯಚೂರಿನಲ್ಲಿ ಹೊತ್ತು ಉಳಿದರೆ ನಾನು ಹೋಗುವುದು ಕೋಟೆಗೆ. ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ಒಂದು ಕಲ್ಲಿದೆ. ನಲವತ್ತೊಂದೂವರೆ ಅಡಿ ಉದ್ದದ ಒಂದೇ ಕಲ್ಲು. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನವಿದೆ. ಕೋಟೆ ಕಟ್ಟಿಸಿದ ವಿಠ್ಠಲನಾಥನ ಹೆಸರು ಅದರಲ್ಲಿದೆ. ಶಾಲೆಯ ಮಾಸ್ತರರು ನಮ್ಮನ್ನು ಕರೆದುಕೊಂಡು ಬಂದು ತೋರಿಸಿದಾಗ ಇಸವಿ ಬಾಯಿಪಾಠ ಮಾಡಿಸಿದ್ದರು. ಆದರೆ ಆ ದಿನ ನಮ್ಮ ಕಣ್ಣೆಲ್ಲ ಬೇರೊಂದರ ಮೇಲೆ ಇತ್ತು. ಶಾಸನದ ಹತ್ತಿರದ ಕಲ್ಲಿನಲ್ಲಿ ಒಂದು ಚಿತ್ರ ಕೊರೆದಿದ್ದಾರೆ. ಒಂದು ಬಂಡಿ, ಬಂಡಿಯ ಮೇಲೆ ಆ ಉದ್ದನೆಯ ಕಲ್ಲು, ಬಂಡಿಗೆ ಹೂಡಿದ ಕೋಣಗಳ ಸಾಲು. ಸಾಲು ಮುಗಿಯುವುದೇ ಇಲ್ಲ ಎನ್ನಿಸುವಷ್ಟು ಕೋಣಗಳು. ಅವುಗಳನ್ನು ಹೊಡೆಯುವ ಮಂದಿ, ಗಾಲಿಗೆ ಹಾರೆ ಕೊಟ್ಟು ಮೀಟುವ ಮಂದಿ.

ಆ ಚಿತ್ರದ ಮುಂದೆ ನಾನು ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ಬೆಟ್ಟದಿಂದ ಕಲ್ಲು ತರುವುದು ಆ ಕಾಲಕ್ಕೆ ದೊಡ್ಡ ಸಾಹಸ, ಅದಕ್ಕೇ ಕೊರೆಸಿದರು ಎನ್ನಬಹುದು. ಇರಲಿ. ಕೊರೆಸಬೇಕು ಎಂದು ಯಾರಿಗೋ ಅನ್ನಿಸಿತಲ್ಲ, ಅದು ದೊಡ್ಡದು. ಕಟ್ಟಿಸಿದವನ ಹೆಸರಿನ ಪಕ್ಕಕ್ಕೆ ಕಲ್ಲು ಎಳೆದವರಿಗೂ ಗೋಡೆಯಲ್ಲಿ ಜಾಗ ಸಿಕ್ಕಿತು. ಅವರ ಹೆಸರು ಅಲ್ಲಿಲ್ಲ. ಆದರೆ ಅವರ ಬಾಗಿದ ಬೆನ್ನಿದೆ, ಕೈಯಲ್ಲಿ ಹಾರೆಯಿದೆ. ಏಳುನೂರು ವರ್ಷದ ಮೇಲೂ ಯಾರ ಕೈಯಿಂದ ಈ ಕಲ್ಲು ಬಂತು ಎಂದು ಕೇಳಿದ ಮಗುವಿಗೆ ಬೆರಳು ಮಾಡಿ ತೋರಿಸಬಹುದು.

ಕೋಟೆಯಿಂದ ಇಳಿದು ಬಜಾರಿನ ಕಡೆ ನಡೆದರೆ ಏಕ್ ಮಿನಾರ್ ಮಸೀದಿ. ರಾಯಚೂರಿನ ಪೇಟೆಯ ನಡುವೆ ಎದ್ದು ನಿಂತ ಗೋಪುರ ಅದೇ. ಅರವತ್ತೈದು ಅಡಿ ಎತ್ತರ, ಎರಡು ಅಂತಸ್ತು, ಒಳಗೆ ಸುತ್ತಿ ಸುತ್ತಿ ಏರುವ ಮೆಟ್ಟಿಲು. ಬಹಮನಿ ಮಹಮೂದ್ ಶಾಹನ ಕಾಲದಲ್ಲಿ, 1513ರ ಸುಮಾರಿಗೆ ಅಂಬರ್ ಎಂಬವನು ಕಟ್ಟಿಸಿದ್ದೆಂದು ಬಾಗಿಲ ಮೇಲಿನ ಪಾರಸಿ ಶಾಸನ ಹೇಳುತ್ತದೆ. ಸುಲ್ತಾನನ ಹೆಸರಿನ ಜೊತೆಗೆ ಅಂಬರನ ಹೆಸರೂ ಉಳಿಯಿತು. ನಮ್ಮ ಊರಿನ ಹಳೆಯ ಎತ್ತರಗಳು ಹೀಗೆ ತಮ್ಮ ಲೆಕ್ಕವನ್ನು ತಾವೇ ಬರೆದಿಟ್ಟುಕೊಂಡಿವೆ.

ಮುಂಬೈಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಲ್ಮಲ ಕ್ರಾಸಿನಲ್ಲಿ ಕಂಡ ಗಂಟುಗಳೇ ಅಲ್ಲಿ ಬಾಗಿಲ ಬಳಿ ಪೇರಿಸಿಕೊಂಡು ಕುಳಿತಿದ್ದವು. ಮಟಮಾರಿ ದಾಟಿ ತುಂಗಭದ್ರೆಯ ಸೇತುವೆ ಬಂದಾಗ ಒಬ್ಬ ಮುದುಕಿ ಕತ್ತಲೆಯಲ್ಲೇ ಕೈ ಮುಗಿದಳು. ಆ ನದಿಯ ನೀರಿಗೂ ಈ ಡಬ್ಬಿಯ ಮಂದಿಗೂ ನೇರ ಸಂಬಂಧವಿದೆ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಯ ಭಾಗದಲ್ಲಿ ಮಾನ್ವಿ, ರಾಯಚೂರು, ಸಿರವಾರದ ಊರುಗಳು ಬರುತ್ತವೆ. ಮೇಲಿನವರ ಗದ್ದೆ ತುಂಬಿದ ಮೇಲೆ ಉಳಿದ ನೀರು ನಮಗೆ. ಉಳಿಯದ ವರ್ಷ ನಾಲೆಯಲ್ಲಿ ಮಣ್ಣು ಒಣಗುತ್ತದೆ, ಕ್ರಾಸಿನಲ್ಲಿ ಗಂಟು ಹೆಚ್ಚುತ್ತವೆ. ದೇವದುರ್ಗದ ಒಣಬೇಸಾಯದ ಊರುಗಳಲ್ಲಿ ಹತ್ತಿ, ತೊಗರಿ ಕೈಕೊಟ್ಟರೆ ಅಷ್ಟೇ. ಗುಳೆ ಎಂದರೆ ಊರು ಬಿಟ್ಟು ಹೋಗುವುದಲ್ಲ. ಮೊಹರಂಗೆ ಪೀರಲು ಕೂಡಿಸುವ ಹೊತ್ತಿಗೆ, ಊರ ಜಾತ್ರೆಗೆ, ಇಲೆಕ್ಷನ್ನಿಗೆ ಮರಳಿ ಬರುವ ಕರಾರಿನ ಮೇಲೆ ಹೋಗುವುದು.

ಬೆಳಿಗ್ಗೆ ಬೆಂಗಳೂರು. ಅಳಿಯ ಸ್ಟೇಷನ್ನಿನಲ್ಲೇ ಕಾದಿದ್ದ. ಅವನ ಕೋಣೆಯಲ್ಲಿ ಮುಖ ತೊಳೆದು, ಉಂಡು, ಮಧ್ಯಾಹ್ನ ಇಬ್ಬರೂ ಮೆಟ್ರೋ ಹತ್ತಿದೆವು. ಮೆಜೆಸ್ಟಿಕ್ಕಿನಿಂದ ನೇರಳೆ ಮಾರ್ಗದ ರೈಲು ನೆಲದ ಕೆಳಗೇ ಹೋಗುತ್ತದೆ. ಕಬ್ಬನ್ ಪಾರ್ಕ್ ದಾಟಿದ ಮೇಲೆ ಒಮ್ಮೆಗೇ ಬೆಳಕು ತುಂಬಿ, ಕಂಬಗಳ ಮೇಲಿನ ಹಳಿಗೆ ಏರುತ್ತದೆ. ಊರಿನ ಎತ್ತರಗಳೆಲ್ಲ ಆಗ ಎದುರಿಗೆ ಬರುತ್ತವೆ. 2011ರ ಅಕ್ಟೋಬರಿನಲ್ಲಿ ನಮ್ಮ ಮೆಟ್ರೋ ಶುರುವಾದದ್ದೇ ಬೈಯಪ್ಪನಹಳ್ಳಿಯಿಂದ ಈ ಎಂ.ಜಿ. ರಸ್ತೆಯವರೆಗೆ. ಈಗ ನಿಲ್ದಾಣವಿರುವ ಕಡೆ ಮೊದಲು ಪ್ಲಾಜಾ ಚಿತ್ರಮಂದಿರವಿತ್ತು.

'ಮಾಮಾ, ಅದೇ ನೋಡು' ಎಂದ ಅಳಿಯ.

ಯುಟಿಲಿಟಿ ಬಿಲ್ಡಿಂಗು. ಕಾಗದಪತ್ರದಲ್ಲಿ ಅದಕ್ಕೆ ಸುಭಾಷ್‌ಚಂದ್ರ ಬೋಸರ ಹೆಸರಿದೆ, ಜನರ ಬಾಯಲ್ಲಿ ಇಲ್ಲ. 1973ರಲ್ಲಿ ಎದ್ದದ್ದು. ಇಪ್ಪತ್ತೈದು ಅಂತಸ್ತು, 106 ಮೀಟರ್. ಗಾಜಿನ ಕಾಲಕ್ಕಿಂತ ಮೊದಲಿನ ಕಟ್ಟಡ: ಕಾಂಕ್ರೀಟು, ಕಿಟಕಿ, ಮತ್ತೆ ಕಾಂಕ್ರೀಟು. ಬ್ರಿಗೇಡ್ ರಸ್ತೆಯ ಅಂಗಡಿಗಳ ಗದ್ದಲ ಅದರ ಕಾಲ ಬಳಿಗೇ ಬಂದು ಮುಟ್ಟುತ್ತದೆ. ಇಂದು ಅದನ್ನು ಮೀರಿದ ಎತ್ತರಗಳು ಬೆಂಗಳೂರಿನಲ್ಲಿ ಬಹಳ. ವಿಠ್ಠಲ್ ಮಲ್ಯ ರಸ್ತೆಯ ಯುಬಿ ಸಿಟಿ, ರಾಜಾಜಿನಗರದ ಕಡೆಯ 128 ಮೀಟರಿನ ವರ್ಲ್ಡ್ ಟ್ರೇಡ್ ಸೆಂಟರ್, ಅಲ್ಲಿಂದ ಮುಂದೆ ಲೆಕ್ಕವಿಲ್ಲ. ಆದರೂ ನನ್ನ ಕುತ್ತಿಗೆ ಕಾಕಾನ ಕುತ್ತಿಗೆಯ ಹಾಗೆಯೇ ನೊಂದಿತು.

ಅಲ್ಲೇ ಫುಟ್‌ಪಾತಿನ ಅಂಚಿನಲ್ಲಿ ನಿಂತು ಲೆಕ್ಕ ಹಾಕಿದೆ. 106 ಮೀಟರ್ ಎಂದರೆ ಸುಮಾರು 348 ಅಡಿ. ನಮ್ಮ ರಾಯಚೂರು ಕೋಟೆಯ ಬೆಟ್ಟ ಸುತ್ತಲಿನ ಬಯಲಿಗಿಂತ 290 ಅಡಿಯಷ್ಟು ಮೇಲಿದೆ. ಬೆಟ್ಟದ ನೆತ್ತಿಗಿಂತ ಈ ಮನೆ ಎತ್ತರ. ಏಕ್ ಮಿನಾರನ್ನು ಐದು ಸಲ ನಿಲ್ಲಿಸಿದರೂ ಇದರ ತುದಿ ಸಿಗುವುದಿಲ್ಲ. ಆ ನಲವತ್ತೊಂದೂವರೆ ಅಡಿಯ ಕಲ್ಲನ್ನು ಒಂದರ ತಲೆಯ ಮೇಲೊಂದು ಎಂಟು ನಿಲ್ಲಿಸಿದರೆ, ಇನ್ನೂ ಹದಿನಾರು ಅಡಿ ಉಳಿಯುತ್ತದೆ. ಒಂದು ಕಲ್ಲಿಗೆ ಅಷ್ಟು ಕೋಣ, ಅಷ್ಟು ಮಂದಿ. ಇದಕ್ಕೆ ಎಷ್ಟು ಮಂದಿ?

ಈ ಕಟ್ಟಡದ ಬಗ್ಗೆ ನನಗೆ ಗೌರವ ಹುಟ್ಟಿಸಿದ ಸಂಗತಿ ಅದರ ಒಡೆತನ. ಇದು ನಗರಪಾಲಿಕೆಯ ಸ್ವತ್ತು. ಪೇಟೆಯ ನಟ್ಟನಡುವಿನ ಇಷ್ಟು ಬೆಲೆಯ ನೆಲದ ಮೇಲೆ ಇಷ್ಟು ಎತ್ತರದ ಮನೆಯನ್ನು ಊರಿನ ಪಾಲಿಕೆ ತನ್ನದಾಗಿ ಇಟ್ಟುಕೊಂಡಿತು, ಕೆಳಗೆ ಅಂಗಡಿ, ಮೇಲೆ ಕಚೇರಿ. ಸಿಂಫನಿ ಚಿತ್ರಮಂದಿರವೂ ಇದರಲ್ಲೇ ಇತ್ತು. ಸಾರ್ವಜನಿಕ ಉಪಯೋಗಕ್ಕೆ ಎಂದು ಹೆಸರಿನಲ್ಲೇ ಬರೆದುಕೊಂಡ ಗಗನಚುಂಬಿ ಇದಲ್ಲದೆ ಇನ್ನೊಂದನ್ನು ನಾನು ನೋಡಿಲ್ಲ. ಪಕ್ಕದಲ್ಲೇ 1883ರ ಮೇಯೋ ಹಾಲ್ ಇದೆ, ಅಂಡಮಾನಿನಲ್ಲಿ ಕೊಲೆಯಾದ ವೈಸ್‌ರಾಯ್ ಮೇಯೋನ ಹೆಸರಿನದು. ಸತ್ತ ವೈಸ್‌ರಾಯನಿಗೆ ಒಂದು ಮನೆ, ತೊಂಬತ್ತು ವರ್ಷದ ಮೇಲೆ ಅದರ ಪಕ್ಕ ಜನರ ಉಪಯೋಗಕ್ಕೆಂದು ಇನ್ನೊಂದು.

ಲಿಫ್ಟಿನ ಮುಂದೆ ಸಾಲಿತ್ತು. ಕಡತ ಹಿಡಿದವರು, ಟಿಫಿನ್ ಡಬ್ಬಿ ಹಿಡಿದವರು, ಕೆಲಸ ಹುಡುಕಿ ಬಂದಂತೆ ಕಂಡ ಇಬ್ಬರು ಹುಡುಗಿಯರು. ಬಾಗಿಲು ಮುಚ್ಚಿ ಮೇಲೆ ಏರುವಾಗ ಕಾಲಡಿಯಲ್ಲಿ ಸಣ್ಣಗೆ ನಡುಗಿತು. ಆ ಕ್ಷಣ ನನಗೆ ನೆನಪಾದದ್ದು ಶಕ್ತಿನಗರ. ಕೃಷ್ಣೆಯ ದಂಡೆಯ ಆ ಉಷ್ಣ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಇಂದು ಎಂಟು ಘಟಕ ಸೇರಿ 1720 ಮೆಗಾವಾಟ್ ಸಾಮರ್ಥ್ಯ. ರಾಜ್ಯದ ಕರೆಂಟಿನ ದೊಡ್ಡ ಪಾಲು ವರ್ಷಗಟ್ಟಲೆ ಅಲ್ಲಿಂದ ಹೋಗಿದೆ. ಅದರ ಹಾರುಬೂದಿ ನಮ್ಮ ಕಡೆಯ ಮನೆಗಳ ಮಾಳಿಗೆಯ ಮೇಲೆ ಬೀಳುತ್ತದೆ. ರಾಯಚೂರಿನ ಕಲ್ಲಿದ್ದಲ ಶಾಖ ಬೆಂಗಳೂರಿನ ಲಿಫ್ಟನ್ನು ಎತ್ತುತ್ತದೆ ಎಂಬುದು ಅಲಂಕಾರದ ಮಾತಲ್ಲ.

ಮೇಲಿನ ಒಂದು ಅಂತಸ್ತಿನ ಕಿಟಕಿಯಿಂದ ನೋಡಿದೆ. ಗಣರಾಜ್ಯೋತ್ಸವದ ಕವಾಯತು ನಡೆಯುವ ಮಾಣೆಕ್‌ಷಾ ಮೈದಾನ, ಅದರಾಚೆ ಚಿನ್ನಸ್ವಾಮಿ ಕ್ರೀಡಾಂಗಣದ ದೀಪದ ಕಂಬಗಳು, ಕಬ್ಬನ್ ಪಾರ್ಕಿನ ಹಸಿರು. ಬೇರೆಲ್ಲ ದಿಕ್ಕಿಗೂ ಕ್ರೇನುಗಳು. ಒಂದು ಕಡೆ ಕಟ್ಟಿದ್ದು ಮುಗಿದು ಗಾಜು ಹೊಳೆಯುತ್ತಿದ್ದರೆ, ಇನ್ನೊಂದು ಕಡೆ ಹಸಿರು ಬಲೆ ಹೊದ್ದ ಅಸ್ಥಿಪಂಜರ. ಬಲೆಯ ಒಳಗೆ ಹಳದಿ ಟೋಪಿಗಳು ಇರುವೆಯಷ್ಟು ಸಣ್ಣಗೆ ಚಲಿಸುತ್ತಿದ್ದವು. ಅಳಿಯ ತನ್ನ ಕಚೇರಿಯಿರುವ ಗಾಜಿನ ಕಟ್ಟಡವನ್ನು ಬೆರಳು ಮಾಡಿ ತೋರಿಸಿದ. ನಾನು ಟೋಪಿಗಳನ್ನು ಎಣಿಸುತ್ತಿದ್ದೆ.

ಇಳಿದ ಮೇಲೆ ಆ ಹಸಿರು ಬಲೆಯ ಕಟ್ಟಡ ಹುಡುಕಿಕೊಂಡು ನಡೆದೆವು. ತಗಡಿನ ಬೇಲಿಯ ಸಂದಿಯಲ್ಲಿ ಒಂದು ನಲ್ಲಿ, ನಲ್ಲಿಯ ಬಳಿ ಸಿಮೆಂಟು ಹಿಡಿದ ಕೈ ತೊಳೆಯುತ್ತಿದ್ದ ಒಬ್ಬ ಹೆಣ್ಣುಮಗಳು. ಸೀರೆಯ ಮೇಲೆ ಗಂಡನ ಅಂಗಿ ತೊಟ್ಟಿದ್ದಳು. ಪಕ್ಕದವಳಿಗೆ ಏನೋ ಹೇಳಿದ ಒಂದೇ ಮಾತಿಗೆ ನನ್ನ ಕಿವಿ ನಿಮಿರಿತು.

'ಯಾವೂರವ್ವಾ ನಿಂದು?'

'ದೇವದುರ್ಗದ ಕಡಿ ರೀ. ಅರಕೇರಾ ದಾಟಿ ಮುಂದ.'

'ನಾವು ಕಲ್ಮಲದವರು.'

'ಅಯ್ಯ! ನಮ್ಮ ಕಡೀ ಅಣ್ಣಾರು ಬಂದಾರ ನೋಡ್ರೇ' ಎಂದು ಒಳಗೆ ಕೂಗಿದಳು. ಮೂರು ನಾಲ್ಕು ಮಂದಿ ಬಂದರು. ಊರ ಸುದ್ದಿ ಕೇಳಿದರು: ಕಡಲೆ ಹೆಂಗೈತಿ, ಜೋಳ ತೆನಿ ಹಿಡದೈತೇನು, ಹತ್ತಿಗೆ ರೇಟು ಎಷ್ಟು. ಬೆಂಗಳೂರಿನ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ, ನಾನಾಗಿ ಕೇಳುವ ತನಕ.

'ಎಷ್ಟನೇ ಅಂತಸ್ತಿನಾಗ ಕೆಲಸ?'

'ನಾವು ಅಂತಸ್ತು ಅನ್ನಂಗಿಲ್ಲಣ್ಣ, ಸ್ಲ್ಯಾಬ್ ಅಂತೀವಿ. ಎಂಟನೇ ಸ್ಲ್ಯಾಬ್ ಬಿತ್ತು ನಿನ್ನಿ. ಬೆಳಗಾಮುಂಜಾನಿ ಹಿಡದದ್ದು, ರಾತ್ರಿ ಹನ್ನೊಂದಕ್ಕ ಮುಗೀತು.'

ಸ್ಲ್ಯಾಬಿನ ದಿನ ನಡುವೆ ನಿಲ್ಲುವಂತಿಲ್ಲ. ಹಾಕಿದ ಕಾಂಕ್ರೀಟು ಗಟ್ಟಿಯಾಗತೊಡಗಿದ ಮೇಲೆ ಅದರ ಪಕ್ಕ ಹೊಸತು ಸುರಿದರೆ ಎರಡೂ ಒಂದಾಗಿ ಬೆಸೆಯುವುದಿಲ್ಲ. ಅಲ್ಲಿ ಬೀಳುವ ಬಿರುಕು ಮುಂದೆ ನೀರು ಕುಡಿಯುತ್ತದೆ, ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಶುರು ಮಾಡಿದ್ದನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕು. ಪಂಪು ಬಂದ ಮೇಲೆ ಬುಟ್ಟಿ ಹೊರುವುದು ಕಡಿಮೆಯಾಗಿದೆ. ಆದರೆ ಹರಡುವುದು, ಒತ್ತುವುದು, ಮಟ್ಟ ಮಾಡುವುದು ಕೈಯದೇ. ಮರುದಿನದಿಂದ ಅದಕ್ಕೆ ನೀರು ಹೊಡೆಯಬೇಕು, ಕನಿಷ್ಠ ಒಂದು ವಾರ, ಎಳೆಮಗುವಿಗೆ ಮಾಡಿದಂತೆ ಜೋಪಾನ. ಇದನ್ನೆಲ್ಲ ಅವಳು ಹೇಳಿದ್ದು ಕೈಸನ್ನೆಯಲ್ಲಿ, ನಾಲ್ಕು ಮಾತಿನಲ್ಲಿ. ಇಂಜಿನಿಯರಿಂಗ್ ಓದಿದ ಅಳಿಯ ನಡುವೆ ಒಂದೆರಡು ಪ್ರಶ್ನೆ ಕೇಳಿದ. ಪ್ರತಿಯೊಂದಕ್ಕೂ ಉತ್ತರ ಸರಿಯಿತ್ತು ಎಂದು ಆಮೇಲೆ ನನಗೆ ಹೇಳಿದ.

'ಲೇಬರ್ ಕಾರ್ಡು ಐತೇನವ್ವಾ?'

'ಅವರದೈತಿ ರೀ, ನಂದಿಲ್ಲ. ಮೇಸ್ತ್ರಿ ಸಹಿ ಬೇಕಂತ. ಮೇಸ್ತ್ರಿ ಬದಲಿ ಆಗ್ಯಾನ.'

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಕಟ್ಟಡ ಕಟ್ಟಿಸುವವರಿಂದ ಅದರ ವೆಚ್ಚದ ನೂರಕ್ಕೆ ಒಂದು ಪಾಲನ್ನು ಸೆಸ್ ಎಂದು ಸಂಗ್ರಹಿಸಿ ಕಾರ್ಮಿಕರ ಕಲ್ಯಾಣಕ್ಕೆ ಬಳಸಬೇಕೆಂದು 1996ರಲ್ಲೇ ಕಾನೂನು ಬಂತು. ಹದಿನೆಂಟರಿಂದ ಅರವತ್ತು ವರ್ಷದವರು, ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿದ್ದರೆ ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಮಕ್ಕಳ ಓದಿಗೆ, ಹೆರಿಗೆಗೆ, ಮುಪ್ಪಿಗೆ, ಅಪಘಾತಕ್ಕೆ ಸಹಾಯವಿದೆ. ಆದರೆ ತೊಂಬತ್ತು ದಿನ ದುಡಿದದ್ದಕ್ಕೆ ಕಾಗದ ಬೇಕು. ಮೂರು ತಿಂಗಳಿಗೆ ಮೂರು ಮೇಸ್ತ್ರಿಗಳ ಕೈ ಬದಲಾಗುವ ಹೆಣ್ಣುಮಗಳಿಗೆ ಆ ಕಾಗದ ಯಾರು ಕೊಡುತ್ತಾರೆ? ಇನ್ನೊಂದು ಮಾತು. 1979ರ ವಲಸೆ ಕಾರ್ಮಿಕರ ಕಾಯ್ದೆ ಬರೆದದ್ದು ರಾಜ್ಯದ ಗಡಿ ದಾಟಿದವರಿಗೆ. ಬಿಹಾರದಿಂದ ಬಂದವನು ಅದರಲ್ಲಿ ವಲಸಿಗನಾದ. ದೇವದುರ್ಗದಿಂದ ಬಂದವಳು ಆಗಲಿಲ್ಲ. ತನ್ನ ನಾಡಿನ ರಾಜಧಾನಿಗೇ ಬಂದಳು ಎಂಬ ಕಾರಣಕ್ಕೆ ಅವಳು ಆ ಕಾಯ್ದೆಯ ಕಣ್ಣಿಗೆ ಬೀಳಲಿಲ್ಲ.

ನಮ್ಮ ಮನೆಯಲ್ಲೂ ಇದರ ಗಾಯವಿದೆ. ನನ್ನ ಅಣ್ಣ ಹರೆಯದಲ್ಲಿ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ. ಒಂದು ದೊಡ್ಡ ಕಟ್ಟಡಕ್ಕೆ ಮೂರು ತಿಂಗಳು ದುಡಿದ ಮೇಲೆ ಗುತ್ತಿಗೆದಾರ ರಾತ್ರೋರಾತ್ರಿ ಕಾಣೆಯಾದ. ಕೂಲಿ ಬರಲಿಲ್ಲ. ದೂರು ಕೊಡಲು ಹೋದಾಗ, ನೀನು ಇಲ್ಲಿ ಕೆಲಸ ಮಾಡಿದ್ದಕ್ಕೆ ಏನು ಗುರುತು ಎಂದು ಕೇಳಿದರಂತೆ. ಅಣ್ಣ ಅಂಗೈ ತೋರಿಸಿದನಂತೆ. ಟಿಕೆಟ್ಟಿಗೆ ದುಡ್ಡಿಲ್ಲದೆ ಲಾರಿಯಲ್ಲಿ ಬಂದ ಅವನು ಕಲ್ಮಲ ಕ್ರಾಸಿನಲ್ಲಿ ಇಳಿದ ಬೆಳಿಗ್ಗೆ ನಾನೇ ಚಾ ತಂದುಕೊಟ್ಟಿದ್ದೆ. ಆ ಕಟ್ಟಡ ಯಾವುದೆಂದು ಅವನು ಇವತ್ತಿಗೂ ಬಾಯಿ ಬಿಡುವುದಿಲ್ಲ.

'ಏನು ಗುರುತು' ಎಂಬ ಆ ಪ್ರಶ್ನೆ ಎಂ.ಜಿ. ರಸ್ತೆಯಲ್ಲಿ ನಡೆಯುವಾಗ ಮತ್ತೆ ಮತ್ತೆ ಎದುರು ಬಂತು. ಅಡಿಗಲ್ಲು, ಉದ್ಘಾಟನೆಯ ಫಲಕ ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಗ್ರಾಮ ಪಂಚಾಯಿತಿಯ ಚರಂಡಿಗೂ ಒಂದು ಕಲ್ಲು ನಿಲ್ಲಿಸಿ ಹೆಸರು ಬರೆಸುತ್ತೇವೆ. ನೆರವೇರಿಸಿದವರು, ಅಧ್ಯಕ್ಷತೆ, ಘನ ಉಪಸ್ಥಿತಿ, ಗುತ್ತಿಗೆದಾರರು. ಎಲ್ಲರೂ ಇರುತ್ತಾರೆ, ಸ್ಲ್ಯಾಬ್ ಹಾಕಿದವರ ಹೊರತು. 1294ರಲ್ಲಿ ಹೊಳೆದದ್ದು ನಮ್ಮ ಕಾಲದವರಿಗೆ ಯಾಕೆ ಹೊಳೆಯುವುದಿಲ್ಲವೋ!

ಸಂಜೆ ದೀಪ ಹತ್ತುವ ಹೊತ್ತಿಗೆ ಮತ್ತೆ ಆ ತಗಡಿನ ಬೇಲಿಯ ಮುಂದೆ ಹಾದುಹೋದೆವು. ಶೆಡ್ಡುಗಳ ಕಡೆಯಿಂದ ಹೊಗೆ ಬರುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ ಕೇಳಿತು, ನಮ್ಮ ಕಡೆಯ ಅಳತೆಯಲ್ಲಿ, ನಮ್ಮ ಕಡೆಯ ಲಯದಲ್ಲಿ. ಆ ಹೆಣ್ಣುಮಗಳು ಎರಡು ರೊಟ್ಟಿ, ಪುಂಡಿಪಲ್ಯ ಕಾಗದದಲ್ಲಿ ಸುತ್ತಿ ಅಳಿಯನ ಕೈಗೆ ಕೊಟ್ಟಳು. 'ತಮ್ಮಾ, ಒಬ್ಬಾವ ಇರ್ತೀ ಅಂದ್ಯಲ್ಲ, ಉಣ್ಣು' ಎಂದಳು. ಬಿಸಿ ಬಿಸಿ ರೊಟ್ಟಿ ಹಿಡಿದು ಅವನು ತನ್ನ ಗಾಜಿನ ಕಟ್ಟಡದ ಮುಂದೆಯೇ ನಡೆದು ಬಂದ. ಮರುದಿನ ಕಚೇರಿಗೆ ರಜೆ ಹಾಕಿ, ಅವಳ ಅರ್ಜಿ ತುಂಬಿಸಲು ಹೋದ. ಹಿಂದಿನ ಮೇಸ್ತ್ರಿಯ ನಂಬರು ಹುಡುಕಿ, ಮೂರು ದಿನದ ಮೇಲೆ ಸಹಿ ಹಾಕಿಸಿಕೊಂಡ.

ಬೆಂಗಳೂರಿನಲ್ಲಿ ಎತ್ತರದ ಮನೆ ಕಟ್ಟಿಸುವವರಲ್ಲಿ, ಅದರ ನಕ್ಷೆ ಬರೆಯುವವರಲ್ಲಿ, ಅದಕ್ಕೆ ಒಪ್ಪಿಗೆ ಕೊಡುವ ಪಾಲಿಕೆಯವರಲ್ಲಿ ನನ್ನ ಬೇಡಿಕೆ ಇಷ್ಟು. ಬಾಗಿಲ ಬಳಿ ಮೂರಡಿ ಜಾಗ ಬಿಡಿ. ಒಂದು ಕಲ್ಲು ನಿಲ್ಲಿಸಿ. ಅದರ ಮೇಲೆ ಕಂಬಿ ಕಟ್ಟಿದವರ, ಸ್ಲ್ಯಾಬ್ ಹಾಕಿದವರ, ಗಾರೆ ಕಲಸಿದವರ ಹೆಸರು ಬರೆಸಿ. ಹೆಸರು ಹೆಚ್ಚಾಯಿತು ಎನ್ನಿಸಿದರೆ ಊರುಗಳ ಹೆಸರಾದರೂ ಇರಲಿ: ಅರಕೇರಾ, ಗಬ್ಬೂರು, ಸಿರವಾರ, ಮಾನ್ವಿ, ಕಲ್ಮಲ. ಹೇಗೆ ಕೊರೆಸಬೇಕೆಂದು ತಿಳಿಯದಿದ್ದರೆ ಒಮ್ಮೆ ರಾಯಚೂರಿಗೆ ಬನ್ನಿ. ಕೋಟೆ ಬಸ್ ನಿಲ್ದಾಣದ ಹತ್ತಿರವೇ ಇದೆ, ನಡೆದೇ ಹೋಗಬಹುದು. ಆ ಕಲ್ಲು ಪಶ್ಚಿಮದ ಗೋಡೆಯಲ್ಲಿದೆ.